ಯಾವ ಖೋಲಿ ನಮ್ಮದು

ನನ್ನ ಮಾವನವರು ಮಹಾರಾಷ್ಟ್ರದ ಗಡಿಯೂರು ಉಮರ್ಗಾದಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ವ್ಯಾಪಾರಿ. ತೊಗರಿ, ಉದ್ದು, ಕಡಲೆ. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಬಿಳಿ ಟೋಪಿ ಹಾಕಿಕೊಂಡು ಹೊರಟರೆ ಸಂಜೆಯವರೆಗೆ ಮಾರ್ಕೆಟ್ ಯಾರ್ಡಿನಲ್ಲೇ ಇರುತ್ತಿದ್ದರು. ಊರು ಬಿಟ್ಟರೆ ಮದುವೆಗೆ, ಮಣ್ಣಿಗೆ, ಇಲ್ಲವೇ ಉದಗೀರದ ದಾಲ್ ಮಿಲ್ಲುಗಳಿಗೆ. ಕೆಲಸವಿಲ್ಲದೆ ಎಲ್ಲಿಗಾದರೂ ಹೋಗಿ ನಾಲ್ಕು ದಿನ ಇದ್ದು ಬರುವ ರೂಢಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಂಥವರು ದೂರದ ಗುಡ್ಡದ ಮೇಲಿನ ರಿಸಾರ್ಟೊಂದರಲ್ಲಿ ವರ್ಷಕ್ಕೊಂದು ವಾರದ ಮಾಲೀಕರಾದರು. ಅದಕ್ಕೆ ಕಾರಣ ತುರೋರಿಯ ಹತ್ತಿರ ಹೆದ್ದಾರಿಯ ಪೆಟ್ರೋಲ್ ಪಂಪಿನಲ್ಲಿ ಯಾರೋ ಕೈಗಿತ್ತ ಒಂದು ಲಕ್ಕಿ ಡ್ರಾ ಚೀಟಿ. ಅದರಲ್ಲಿ ಅವರು ತಮ್ಮ ಫೋನ್ ನಂಬರ್ ಬರೆದು ಹಾಕಿದ್ದರು.

ಎಂಟತ್ತು ದಿನ ಬಿಟ್ಟು ಫೋನ್ ಬಂತು. ಬಹುಮಾನ ಬಂದಿದೆ, ಸೋಲಾಪುರದ ಹೋಟೆಲಿಗೆ ಬನ್ನಿ, ಹೆಂಡತಿಯನ್ನೂ ಕರೆದುಕೊಂಡೇ ಬನ್ನಿ ಅಂದರು. ಮಾವ, ಅತ್ತೆಯ ಜೊತೆ ನಾನೂ ಹೋದೆ. ತಣ್ಣನೆಯ ದೊಡ್ಡ ಹಾಲ್, ಮೇಜು ಮೇಜಿಗೂ ಒಬ್ಬೊಬ್ಬ ಹುಡುಗ. ಯಾರಾದರೂ ಸಹಿ ಹಾಕಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಮೇಜಿಗೆ ಬಂದವನು ವಿಜಯಪುರದ ಕಡೆಯವನಂತೆ. ನಮ್ಮ ಮಾತು ಕೇಳಿದವನೇ ಕನ್ನಡಕ್ಕೆ ತಿರುಗಿದ, ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ಇದು ಖರ್ಚು ಅಲ್ರಿ ಅಜ್ಜಾರ, ಆಸ್ತಿ ಮಾಡೂದು. ವರ್ಷದಾಗ ಒಂದು ವಾರ ಆ ಮನಿ ನಿಮ್ದು. ನಿಮ್ಮ ಬಳಿಕ ಮಗಂದು, ಆಮ್ಯಾಲ ಮೊಮ್ಮಗಂದು. ನೀವು ಮಾಲಕರು, ನಾವು ಬರೇ ಕಸಾ ಹೊಡ್ಯಾವ್ರು."

ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಮುಂದಿದ್ದ ದೊಡ್ಡ ಚಿತ್ರವನ್ನು ನೋಡುತ್ತಿದ್ದರು. ಹಸಿರು ಗುಡ್ಡ, ಕೆಂಪು ಹಂಚಿನ ಮನೆಗಳು, ನಡುವೆ ನೀಲಿ ಕೊಳ. ಮಾವ ಸಹಿ ಹಾಕಿದರು. ಎಲ್ಲರೂ ನಮಗೂ ಚಪ್ಪಾಳೆ ತಟ್ಟಿದರು. ಬಹುಮಾನವೆಂದು ಒಂದು ಡಿನ್ನರ್ ಸೆಟ್ ಕೊಟ್ಟರು.

ಅತ್ತೆಗೆ ಒಬ್ಬ ತಮ್ಮ. ನಿಲಂಗಾದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ಅಕ್ಕನ ಗಂಡನಿಗೆ ನಮ್ಮ ಕಡೆ ದಾಜಿ ಅನ್ನುತ್ತಾರೆ. ದಾಜಿ ಕೈ ಹಾಕಿದ ವ್ಯವಹಾರ ಎಂದೂ ಕೆಟ್ಟಿಲ್ಲ ಅನ್ನುವುದು ಅವರ ನಂಬಿಕೆ. ಮಾವ ಫೋನಿನಲ್ಲಿ ವಿಷಯ ಹೇಳಿದ್ದೇ ತಡ, ಅವರೂ ಸೋಲಾಪುರಕ್ಕೆ ಹೋಗಿ ಸಹಿ ಹಾಕಿ ಬಂದರು.

ಅಲ್ಲಿಂದ ನನ್ನ ಕೆಲಸ ಸುರುವಾಯಿತು. ನನ್ನ ತವರು ಬಸವಕಲ್ಯಾಣ, ಓದಿದ್ದು ಕನ್ನಡ. ಆದರೆ ಕಾಲೇಜಿನಲ್ಲಿ ಕಲಿತ ಹಿಂದಿ, ಸ್ವಲ್ಪ ಇಂಗ್ಲಿಷ್ ಬರುತ್ತಿದ್ದದ್ದರಿಂದ ಕಂಪನಿಗೆ ಫೋನ್ ಮಾಡುವುದು ನನ್ನ ಪಾಲಿಗೆ ಬಂತು. ಆ ಕಡೆಯ ಹುಡುಗಿಯರು ಪ್ರತಿ ಸಲವೂ ನಮ್ಮನ್ನು ಓನರ್ ಫ್ಯಾಮಿಲಿ ಎಂದು ಕರೆದು, ಆರೋಗ್ಯ ಕೇಳಿ, ಹಾಡು ಹಾಕಿ ಕಾಯಿಸುತ್ತಿದ್ದರು. ದೀಪಾವಳಿಗೆ ಕೇಳಿದರೆ ಜಾಗ ತುಂಬಿದೆ. ಡಿಸೆಂಬರಿಗೆ ಕೇಳಿದರೆ ನಿಮ್ಮ ವಾರ ಆ ದರ್ಜೆಯದಲ್ಲ. ಮಳೆಗಾಲಕ್ಕೆ ಕೇಳಿದರೆ ರಿಪೇರಿ ನಡೆದಿದೆ. ಹಿಂದಿನ ಸಲ ಮಾತಾಡಿದ ಹುಡುಗಿ ಮತ್ತೆ ಸಿಗುತ್ತಲೇ ಇರಲಿಲ್ಲ. ಆಕೆ ಏನು ಮಾತು ಕೊಟ್ಟಿದ್ದಳೆಂದು ಹೊಸಬಳಿಗೆ ಹೇಳುವಷ್ಟರಲ್ಲಿ ನನಗೇ ನಾಚಿಕೆಯಾಗುತ್ತಿತ್ತು. ಜಾಗ ಸಿಗದಿದ್ದರೂ ನಿರ್ವಹಣೆಯ ಹಣ ಕಟ್ಟಿ ಎನ್ನುವ ಸಂದೇಶ ಮಾತ್ರ ವರ್ಷವೂ ತಪ್ಪದೆ ಬರುತ್ತಿತ್ತು.

ಮಾವ ಊಟಕ್ಕೆ ಕೂತಾಗ ಕೇಳುತ್ತಿದ್ದರು: "ಏನಂತಾರ್ವಾ ನಮ್ಮ ಕಂಪನಿಯವ್ರು?"

"ಇನ್ನೊಂದು ತಿಂಗಳು ತಡೀರಿ ಅಂದಾರ್ರಿ ಮಾವಾರ."

"ತಡೀಲಿ ಬಿಡು. ನಮ್ಮದು ನಮ್ಮಲ್ಲೇ ಇರ್ತದ. ಎಲ್ಲಿ ಹೋಗ್ತದ?"

ಅಷ್ಟರಲ್ಲಿ ಬರ ಬಿತ್ತು. ಒಂದು ವರ್ಷ ಮಳೆ ಅರ್ಧಕ್ಕೆ ನಿಂತಿತು, ಮರುವರ್ಷ ಮೋಡ ಬಂದು ಹಾಗೇ ಹೋದವು. ಲಾತೂರಿಗೆ ರೈಲಿನಲ್ಲಿ ನೀರು ತಂದ ಬೇಸಿಗೆ ಅದು. ನಮ್ಮ ಗಲ್ಲಿಗೆ ಟ್ಯಾಂಕರ್ ಯಾವಾಗ ಬರುತ್ತದೆಂದು ಹೇಳುವವರೇ ಇರಲಿಲ್ಲ, ಹಾರ್ನ್ ಕೇಳಿದರೆ ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡುತ್ತಿದ್ದೆವು. ಮಕ್ಕಳನ್ನು ತವರಿಗೆ ಕಳಿಸಿದ್ದೆ. ಯಾರ್ಡಿಗೆ ಮಾಲೇ ಬಾರದೆ ಮಾವ ಮಧ್ಯಾಹ್ನಕ್ಕೇ ಮನೆಗೆ ಬಂದು ಕೂರುತ್ತಿದ್ದರು. ಒಂದು ದಿನ ಹೀಗೆ ಕೂತಿದ್ದಾಗ ಕಂಪನಿಯೇ ಫೋನ್ ಮಾಡಿತು. ನಮಗೂ ನಿಲಂಗಾದವರಿಗೂ ಅಕ್ಕಪಕ್ಕದ ಖೋಲಿಗಳು ಸಿಕ್ಕಿವೆ, ಮುಂದಿನ ವಾರವೇ ಬನ್ನಿ, ಸಹ್ಯಾದ್ರಿಯ ಗುಡ್ಡ, ತಂಪು ಗಾಳಿ. ಬೇಸಿಗೆಯಲ್ಲಿ ಎಂದೂ ಕೊಡದವರು ಈಗ ತಾವಾಗಿ ಯಾಕೆ ಕೊಡುತ್ತಿದ್ದಾರೆ ಎಂದು ನಾನು ಕೇಳಲಿಲ್ಲ. ಮಾವನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕಂಡಿತ್ತು.

ನನ್ನ ಗಂಡ ಅಂಗಡಿ ನೋಡಿಕೊಳ್ಳಲು ಉಳಿದರು. ಮಾವ, ಅತ್ತೆ, ನಾನು, ಅತ್ತೆಯ ತಮ್ಮ, ಅವರ ಹೆಂಡತಿ, ಇಷ್ಟು ಜನ ನಿಲಂಗಾದವರ ಜೀಪಿನಲ್ಲಿ ಹೊರಟೆವು. ಮಾವ ಹೊಸ ಧೋತರ ಉಟ್ಟಿದ್ದರು. ಪುಣೆ ದಾಟಿ ಘಟ್ಟ ಹತ್ತುವಾಗ ಗುಡ್ಡಗಳೆಲ್ಲ ಒಣಗಿ ಕಂದಾಗಿದ್ದವು. "ಮಳಿ ಬಂದ ಮ್ಯಾಲ ಹಸರ ಆಗ್ತದ," ಎಂದು ಅತ್ತೆಯ ತಮ್ಮ ನಮಗೆಲ್ಲ ಸಮಾಧಾನ ಹೇಳಿದರು.

ಕಟ್ಟಡಗಳೇನೋ ಚಿತ್ರದಲ್ಲಿದ್ದಂತೆಯೇ ಇದ್ದವು. ಕೌಂಟರಿನಲ್ಲಿ ಮಾವ ಮೊದಲು ಕೇಳಿದ ಮಾತು: "ಯಾವ ಖೋಲಿ ನಮ್ಮದು?" ಮ್ಯಾನೇಜರ್ ಮರಾಠಿಯವನು, ಚಿಕ್ಕ ವಯಸ್ಸಿನವನು. ಕೀ ಕೊಟ್ಟ. ಮಾವ ಮರಾಠಿಯಲ್ಲಿ ಮತ್ತೆ ಕೇಳಿದರು: ಈಗ ಇರುವುದಕ್ಕೆ ಕೊಟ್ಟದ್ದನ್ನು ಕೇಳುತ್ತಿಲ್ಲ, ನಾವು ಕೊಂಡದ್ದು ಯಾವುದು, ಅದನ್ನು ತೋರಿಸಿ. ಮ್ಯಾನೇಜರ್ ನಕ್ಕು ಎರಡೂ ಕೈ ಅಗಲಿಸಿ, "ಬಾಬಾ, ಸಗಳಂ ತುಮಚಂಚ ಆಹೆ," ಅಂದ. ಎಲ್ಲವೂ ನಿಮ್ಮದೇ.

ಮಾವನಿಗೆ ಆ ಉತ್ತರ ಹಿಡಿಸಲಿಲ್ಲ. ಹೊಲ ಕೊಂಡಾಗ ಬಾಂದಿನ ಕಲ್ಲು ಮುಟ್ಟಿ ಬಂದವರು, ಅಂಗಡಿ ಕೊಂಡಾಗ ಗೋಡೆಗೆ ಕೈಯಿಟ್ಟು ನಿಂತವರು ಅವರು. ಸಂಜೆಯವರೆಗೆ ಆ ಮನೆಗಳ ನಡುವೆ ಒಬ್ಬರೇ ಸುತ್ತಾಡಿದರು. ಈಜುಕೊಳ ಒಣಗಿತ್ತು, ತಳದ ನೀಲಿ ಟೈಲ್ಸಿನ ಮೇಲೆ ತರಗೆಲೆ ಬಿದ್ದಿದ್ದವು. ನಲ್ಲಿ ತಿರುಗಿಸಿದರೆ ಬರೇ ಸುಂಯ್ ಎಂದು ಗಾಳಿ ಬರುತ್ತಿತ್ತು. ಖೋಲಿಗೆ ಎರಡೆರಡು ಬಕೆಟ್ ನೀರು, ದಯವಿಟ್ಟು ಸಹಕರಿಸಿ ಎಂದು ಬಾಗಿಲಿಗೆ ಅಂಟಿಸಿದ್ದರು. ಬೇಸಿಗೆಗೆ ಜಾಗ ಹಿಡಿದಿದ್ದ ಜನ ಇದನ್ನು ತಿಳಿದು ಬುಕಿಂಗ್ ಬಿಟ್ಟುಕೊಟ್ಟಿದ್ದರು, ಹಾಗಾಗಿ ನಮಗೆ ಜಾಗ ಸಿಕ್ಕಿತ್ತು. ಅದನ್ನು ಪಕ್ಕದ ಖೋಲಿಯ ನಾಗಪುರದವರು ಹೇಳಿದರು.

"ಇದೇನ್ ತಂಗಿ, ಉಮರ್ಗಾದ ನೀರಿನ ಬರಾನೇ ಇಲ್ಲಿಗಿ ನಮ್ಮ ಬೆನ್ನ ಹತ್ತಿ ಬಂದದ ನೋಡು," ಎಂದು ಅತ್ತೆ ತಮ್ಮನ ಹೆಂಡತಿಗೆ ಹೇಳಿ ನಕ್ಕರು.

ಮರುದಿನ ಬೆಳಗ್ಗೆ ಬಕೆಟ್ ನೀರೂ ಬರಲಿಲ್ಲ. ಕೆಳಗಿನ ಊರಿನ ಹೆಂಗಸರು ಗೇಟಿನಾಚೆ ರಸ್ತೆಗೆ ಅಡ್ಡ ಕೂತು ರಿಸಾರ್ಟಿಗೆ ನೀರು ತರುವ ಟ್ಯಾಂಕರ್ ತಡೆದಿದ್ದರು. ಮುಂದೆ ಕೊಡಗಳ ಸಾಲು. ಮ್ಯಾನೇಜರ್ ನಮ್ಮನ್ನೆಲ್ಲ ಕೌಂಟರಿನ ಮುಂದೆ ಕರೆದ. ನಾವು ನೌಕರರು, ನಮ್ಮ ಮಾತು ಅವರು ಕೇಳುವುದಿಲ್ಲ, ಆಸ್ತಿ ನಿಮ್ಮದು, ಮಾಲಕರಾಗಿ ನೀವೇ ಹೋಗಿ ಹೇಳಿ ಅಂದ. ಎಲ್ಲರೂ ಮುಖ ಮುಖ ನೋಡಿಕೊಂಡರು. ವಯಸ್ಸಾದವರು, ಟೋಪಿ ಹಾಕಿದವರು, ಮರಾಠಿ ಬಲ್ಲವರು ಎಂದು ಮಾವನನ್ನು ಮುಂದೆ ಮಾಡಿದರು. ಒಬ್ಬರನ್ನೇ ಕಳಿಸಲಾಗದೆ ನಾನೂ ಹಿಂದೆ ಹೋದೆ.

ಕೂತವರಲ್ಲಿ ಒಬ್ಬಾಕೆ, ಹೆಚ್ಚುಕಡಿಮೆ ಅತ್ತೆಯ ವಯಸ್ಸಿನವಳು, ಎದ್ದು ನಿಂತು ಕೇಳಿದಳು: "ತುಮ್ಹೀ ಮಾಲಕ ಕಾ?" ನೀವೇನಾ ಮಾಲಕರು?

 ಮಾವನ ಹಿಂದೆ ನಿಂತಿದ್ದ ನನಗೆ ಮುಖ ಕಾಣುತ್ತಿರಲಿಲ್ಲ, ಕತ್ತಿನ ನರ ಮಾತ್ರ ಕಾಣುತ್ತಿತ್ತು. ಕೊನೆಗೆ ಹೌದು ಅಂದರು. ಹಾಗಾದರೆ ಬಂದು ನೋಡಿ ಎಂದು ಆಕೆ ಮುಂದೆ ನಡೆದಳು.

ಕೆಳಗಿನ ಹಳ್ಳದ ದಂಡೆಯಲ್ಲಿ ಕಂಪನಿಯವರು ಆಳದ ಬಾವಿ ತೋಡಿಸಿ ಮೋಟಾರು ಕೂರಿಸಿದ್ದರು. ಟ್ಯಾಂಕರ್ ತುಂಬುತ್ತಿದ್ದದ್ದು ಅಲ್ಲೇ. ಸ್ವಲ್ಪ ಮೇಲೆ ಊರ ಬಾವಿ. ಅದರೊಳಗೆ ಇಬ್ಬರು ಹೆಂಗಸರು ಇಳಿದು, ಕಲ್ಲಿನ ಸಂದಿಯಲ್ಲಿ ಒಸರುವ ನೀರನ್ನು ತಾಟಿನಿಂದ ಗೋರಿ ಕೊಡಕ್ಕೆ ಹಾಕುತ್ತಿದ್ದರು. ಕಂಪನಿಯ ಬಾವಿ ಆದ ಮೇಲೆ ಊರ ಬಾವಿ ಬತ್ತಿತು ಎಂದಳು ಆಕೆ. ಮಾವ ಬಾವಿಯ ಕಟ್ಟೆಗೆ ಕೈ ಊರಿ ಬಹಳ ಹೊತ್ತು ಕೆಳಗೆ ನೋಡಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ನನಗೆ.

ಮೇಲೆ ಬಂದವರೇ ಮಾವ ಮ್ಯಾನೇಜರನಿಗೆ, ಟ್ಯಾಂಕರನ್ನು ಊರಿಗೆ ಕಳಿಸು ಅಂದರು. "ಮಾಲಕರು ನೀವೇ ಅಂದ್ಯಲ್ಲ? ಮಾಲಕ ಹೇಳ್ಲಿಕತ್ತಾನ, ಕಳಸು." ಸಿಟ್ಟಿನಲ್ಲಿ ಮರಾಠಿ ಮರೆತು ಕನ್ನಡದಲ್ಲೇ ಹೇಳಿದ್ದರು, ಮದುವೆಯಾಗಿ ಬಂದ ಮೇಲೆ ಕಲಿತ ಮರಾಠಿಯಲ್ಲಿ ನಾನು ಮತ್ತೆ ಹೇಳಬೇಕಾಯಿತು.

ಮ್ಯಾನೇಜರನ ನಗು ಹೋಯಿತು. ಬಾಬಾ, ನೀವು ಸದಸ್ಯರು ಅಷ್ಟೇ, ಮಾಲಕರಲ್ಲ, ಇದೆಲ್ಲ ಕಂಪನಿ ತೀರ್ಮಾನಿಸುತ್ತದೆ ಅಂದ. ಇಷ್ಟು ವರ್ಷದಲ್ಲಿ ಆ ಕಂಪನಿಯವರು ನಮಗೆ ಹೇಳಿದ ಮೊದಲ ನಿಜ ಅದೇ.

ನಮ್ಮ ನೀರು ಊರಿಗೆ ಯಾಕೆ ಎಂದು ಉಳಿದವರು ಮಾವನ ಮೇಲೆ ಮುಗಿಬಿದ್ದರು. ಅವರು ಕೇಳುವುದರಲ್ಲೂ ತಪ್ಪಿರಲಿಲ್ಲ, ಅವರೂ ದುಡ್ಡು ಕಟ್ಟಿ ಮಕ್ಕಳನ್ನು ಕರೆತಂದವರು. ಆದರೆ ಎಲ್ಲಕ್ಕಿಂತ ಜೋರಾಗಿ ಕೂಗಿದವರು ಅತ್ತೆಯ ತಮ್ಮ.

"ದಾಜಿ, ನಿಮ್ಮ ಮಾತ ಕೇಳಿ ನಾ ಇದರಾಗ ಬಿದ್ದೆ. ಇಷ್ಟು ವರ್ಷದ ಮ್ಯಾಲ ಒಂದು ಖೋಲಿ ಸಿಕ್ಕದ, ಅದನೂ ಕೆಡಸ್ಲಿಕತ್ತೀರಿ. ಊರ ಉಸಾಬರಿ ನಮಗ್ಯಾಕ್ರಿ?"

"ಆ ಬಾವಿ ನೋಡಿ ಬಾ, ಆಮ್ಯಾಲ ಮಾತಾಡು."

"ನಾ ಯಾಕ್ ನೋಡ್ಲಿ? ನಾ ಬಾವಿ ನೋಡ್ಲಿಕ್ಕಿ ಬಂದಿಲ್ಲ."

ಮಾವ ಗೇಟು ದಾಟಿ, ಆ ಹೆಂಗಸರಿಂದ ಸ್ವಲ್ಪ ದೂರ ಸೇತುವೆಯ ಕಟ್ಟೆಯ ಮೇಲೆ ಕೂತರು. ಬಿಸಿಲು ಏರಿತು. ಮಧ್ಯಾಹ್ನ ಪೊಲೀಸರು ಬಂದು, ಈ ದಿನದ ಮಟ್ಟಿಗೆ ಅರ್ಧ ಊರಿಗೆ, ಅರ್ಧ ರಿಸಾರ್ಟಿಗೆ ಎಂದು ಒಪ್ಪಿಸಿದರು. ಕೊಡಗಳು ತುಂಬಿದವು, ಹೆಂಗಸರು ಹೋದರು. ನಾಳೆ ಏನು ಎಂದು ಯಾರೂ ಮಾತಾಡಲಿಲ್ಲ. ಅದು ಗೆಲುವೂ ಆಗಿರಲಿಲ್ಲ. ಮಾವ ಹೊರಡೋಣ ಅಂದರು, ನಾವು ಮೂವರು ಸಂಜೆಯ ಬಸ್ ಹಿಡಿದೆವು. ಅತ್ತೆಯ ತಮ್ಮ, ಅವರ ಹೆಂಡತಿ ಅಲ್ಲೇ ಉಳಿದರು. ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ತಮ್ಮನ ಮೇಲೆ ಸಿಟ್ಟೋ ಗಂಡನ ಮೇಲೆ ಸಿಟ್ಟೋ ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಮಾವ ನಿರ್ವಹಣೆಯ ಹಣ ಕಟ್ಟಬೇಡ ಅಂದರು. ಆಮೇಲೆ ಬಂದ ಫೋನುಗಳನ್ನೆಲ್ಲ ನಾನೇ ಕೇಳಿಸಿಕೊಂಡೆ. ಕೆಲವು ದಿನ ಗದರಿಕೆ, ಕೆಲವು ದಿನ ಬೆಣ್ಣೆ. ನಿಮ್ಮ ನಡತೆಯಿಂದ ಉಳಿದ ಮಾಲೀಕರಿಗೆ ತೊಂದರೆಯಾಗಿದೆ ಎಂದು ಒಬ್ಬಳು, ಬಾಕಿ ಕಟ್ಟಿದರೆ ಇನ್ನೂ ಒಳ್ಳೆಯ ಜಾಗ ಕೊಡುತ್ತೇವೆ ಎಂದು ಮರುದಿನ ಇನ್ನೊಬ್ಬಳು. ಸೋಲಾಪುರದ ಆ ಕನ್ನಡದ ಹುಡುಗನ ನಂಬರ್ ಬೇರೆ ಯಾರಿಗೋ ಹೋಗಿತ್ತು.  ಅಡುಗೆ ಮಾಡುತ್ತಾ ಒಬ್ಬಳೇ ಆ ಹುಡುಗಿಯರಿಗೆ ಉತ್ತರ ಹೇಳುತ್ತಿದ್ದೆ.

ಉದಗೀರದಲ್ಲಿ ಒಬ್ಬ ವಕೀಲೆ, ಅದೇ ಕಂಪನಿಯ ಸದಸ್ಯೆ, ನಮ್ಮಂಥ ಕೆಲವರನ್ನು ಕೂಡಿಸಿ ಗ್ರಾಹಕ ನ್ಯಾಯಾಲಯಕ್ಕೆ ಹೋದರು. ಮಾವನ ಜೊತೆ ನಾನೂ ಹೋಗಿ ಬರುತ್ತಿದ್ದೆ. ತಾರೀಖಿನ ಮೇಲೆ ತಾರೀಖು. ಆ ಕಡೆಯ ವಕೀಲರು ಒಂದು ದಿನ, ಇವರಿಗೆ ಯಾವ ಕಟ್ಟಡದ ಮೇಲೂ, ಯಾವ ಖೋಲಿಯ ಮೇಲೂ ಹಕ್ಕಿಲ್ಲ ಎಂದು ಸಮಾಧಾನವಾಗಿ ಓದಿ ಹೇಳಿದರು. ಮಾವ ಕೈಕಟ್ಟಿ ನಿಂತು ಕೇಳಿದರು. ಕೊನೆಗೆ ರಾಜಿಯಾಯಿತು. ಅವರು ನಮ್ಮಿಂದ ಇನ್ನೇನೂ ಕೇಳುವುದಿಲ್ಲ, ನಾವು ಅವರಿಂದ ಏನೂ ಕೇಳುವುದಿಲ್ಲ. ಹೊರಗೆ ಬಂದು ಚಹಾ ಕುಡಿಯುವಾಗ ಮಾವ ಅಂದರು: "ಸತ್ರೂ ಬಿಡೂದಿಲ್ಲ, ಮೊಮ್ಮಕ್ಕಳ ತನಾ ಬರ್ತದ ಅಂದಿದ್ರು. ಅದೊಂದು ತಪ್ಪಿತಲ್ಲ, ಸಾಕು."

ಅತ್ತೆಯ ತಮ್ಮ ರಾಜಿಗೆ ಬರಲಿಲ್ಲ. ಸದಸ್ಯತ್ವ ಉಳಿಸಿಕೊಂಡರು, ಕೊಟ್ಟಾಗ, ಕೊಟ್ಟಲ್ಲಿಗೆ ಹೋಗಿ ಬರುತ್ತಿದ್ದರು. ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ್ದರು. ಮುಂದೆ ಮಳೆಗಳು ಸರಿಯಾದ ಮೇಲೆ ಪಕ್ಕದ ಊರು ಮುರುಮದಲ್ಲಿ ಒಂದು ಮದುವೆಯಾಯಿತು. ಅಲ್ಲಿ ಅವರೂ ಮಾವನೂ ಒಂದೇ ಪಂಕ್ತಿಯಲ್ಲಿ ಕೂತು ಉಂಡರು, ತೊಗರಿ ಧಾರಣೆಯ ಮಾತಾಡಿದರು. ಆ ವಿಷಯ ಎತ್ತಲಿಲ್ಲ. ಕೈ ತೊಳೆಯುವಾಗ ಅವರು ಅಕ್ಕನನ್ನು ಕೇಳಿದರು: "ಅಕ್ಕಾ, ಬರೂ ತಿಂಗಳ ಅದೇ ಗುಡ್ಡದ ಮ್ಯಾಲ ಖೋಲಿ ಸಿಕ್ಕದ. ನೀ ಬರ್ತಿಯೇನು?"

ಅತ್ತೆ ಗಂಡನ ಕಡೆ ನೋಡಲಿಲ್ಲ. "ಬರ್ತೀನಿ," ಅಂದುಬಿಟ್ಟರು.

ಮನೆಗೆ ಬಂದ ಮೇಲೆ, ಯಾಕೆ ಹೋಗುತ್ತೀರಿ ಎಂದು ನಾನು ಮೆಲ್ಲಗೆ ಕೇಳಿದೆ. ಅತ್ತೆ ಸೀರೆ ಮಡಚುತ್ತಾ ಹೇಳಿದರು: "ಅವರು ಮಾಡಿದ್ದು ಖರೇನೇ ಅದ, ನಾ ಇಲ್ಲ ಅನ್ನೂದಿಲ್ಲ. ಆದ್ರ ಆವತ್ತ ಇರೂದೋ ಹೋಗೂದೋ ಅಂತ ನನಗ ಯಾರು ಕೇಳಿದ್ರವಾ? ಹುಟ್ಟಿದ ಮ್ಯಾಲ ಒಂದು ದಿನಾ ಒಲಿ ಹಚ್ಚಲಾರ್ದ ಕೂತಿದ್ದೆ. ಮರುದಿನಾನೇ ಎಬ್ಬಿಸಿ ಕರ್ಕೊಂಡು ಬಂದ್ರಿ."

ನಾನು ಸೀರೆಯ ಇನ್ನೊಂದು ತುದಿ ಹಿಡಿದೆ. 

ಹೇಳಿದಂತೆ ಅವರು ತಮ್ಮನ ಜೊತೆ ಹೋದರು. ಮಾವ ಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಿಲಂಗಾದ ಬಸ್ಸಿಗೆಂದು ಬಸ್ ಸ್ಟ್ಯಾಂಡಿನ ತನಕ ಚೀಲ ಹಿಡಿದು ಹೋಗಿ ಬಿಟ್ಟು ಬಂದರು. ಅತ್ತೆ ಇಲ್ಲದ ಆ ವಾರ ನಾನು ಬಡಿಸಿದ್ದನ್ನು ಉಂಡು ಏಳುತ್ತಿದ್ದರು. ಒಂದು ದಿನ ಮಾತ್ರ, ಊರ ಹೆಂಗಸರು ಆ ಬಾವಿಗೆ ಈಗಲೂ ಇಳಿಯುತ್ತಾರೋ ಏನೋ, ಅತ್ತೆಗೆ ಫೋನ್ ಮಾಡಿದರೆ ಕೇಳು ಅಂದರು. ನಾನು ಹೂಂ ಅಂದೆ. ಫೋನ್ ಮಾಡಿದಾಗ ಅತ್ತೆಯ ದನಿ ಎಷ್ಟು ಹಗುರವಾಗಿತ್ತೆಂದರೆ, ಬಾವಿಯ ಮಾತು ಕೇಳಲು ನನಗೆ ಬಾಯಿ ಬರಲಿಲ್ಲ.