ಸೀನಬಾರದ ಮನೆ

ಪಾರವ್ವತ್ತಿಯ ಮನೆಯಲ್ಲಿ ಸೀನುವಂತಿರಲಿಲ್ಲ. ಕೆಮ್ಮುವಂತಿರಲಿಲ್ಲ, ಬಾಯಿಬಿಟ್ಟು ನಗುವಂತಿರಲಿಲ್ಲ. ಬೆಟಗೇರಿಯ ಬೇಸಿಗೆಯಲ್ಲಿ ಬೆವರು ಹಿಮ್ಮಡಿಯ ತನಕ ಇಳಿದರೂ ಫ್ಯಾನಿನ ಬಟನ್ ಮುಟ್ಟುವಂತಿರಲಿಲ್ಲ. ನಮ್ಮ ಮೂಗು ಸ್ವಲ್ಪ ಮಿಸುಕಿದರೆ ಸಾಕು, ತಲೆ ಎತ್ತದೆಯೇ ಆಕೆಗೆ ಗೊತ್ತಾಗುತ್ತಿತ್ತು. "ಸೀನು ಬಂತೇನು? ಅಂಗಳಕ್ಕ ನಡಿ. ಮೊದಲ ಅಂಗಳ, ಆಮ್ಯಾಲೆ ಸೀನು."

ಸುಮ್ಮಸುಮ್ಮನೆ ಹಾಗೆ ಹೇಳುವವಳಲ್ಲ. ಆಕೆಯ ಮುಂದಿನ ಹಲಗೆಯ ಮೇಲೆ ಯಾವಾಗಲೂ ಒಣಗಿದ ಹೂವಿನ ಪಕಳೆಗಳು ಹರಡಿರುತ್ತಿದ್ದವು. ಸೇವಂತಿಯವು, ಗುಲಾಬಿಯವು, ಅಬ್ಬಲಿಗೆಯವು, ಕುಸುಬಿಯವು. ಹಳೆಯ ಪೇಪರಿನ ನಡುವೆ ಇಟ್ಟು, ಮೇಲೆ ಬೀಸುವ ಕಲ್ಲು ಹೇರಿ, ವಾರಗಟ್ಟಲೆ ಒಣಗಿಸಿದ ಪಕಳೆಗಳು. ಉಳ್ಳಾಗಡ್ಡಿಯ ಸಿಪ್ಪೆಗಿಂತ ತೆಳ್ಳಗೆ. ಅವಕ್ಕೆ ಒಂದೊಂದಾಗಿ ಗಂಜಿ ಸವರಿ ಕಾಗದಕ್ಕೆ ಅಂಟಿಸಿ ಆಕೆ ಚಿತ್ರ ಮಾಡುತ್ತಿದ್ದಳು. ಬಣ್ಣದ ಡಬ್ಬಿಯಿಲ್ಲ, ಕುಂಚವಿಲ್ಲ. ಒಂದು ಸೀನು ಬಿದ್ದರೆ ಅರ್ಧ ನವಿಲು ಹಾರಿ ಒಲೆಯ ಹತ್ತಿರ ಹೋಗಿ ಬೀಳಬೇಕು. ಒಮ್ಮೆ ಹಾಗೆ ಆಗಿಯೂ ಇತ್ತಂತೆ. ಸೀನಿದವನು ಬೇರೆ ಯಾರೂ ಅಲ್ಲ, ಆಕೆಯ ಗಂಡ. "ಪುಣ್ಯಾತ್ಮ, ಇರೂತನಕ ನನ್ನ ಕೆಲಸಕ್ಕ ಎಂದೂ ಅಡ್ಡ ಬರಲಿಲ್ಲ. ಬಂದದ್ದು ಆ ಒಂದು ಸೀನು ಅಷ್ಟಽ" ಎಂದು ಆಕೆ ಹೇಳುವಾಗ ನಗಬೇಕೋ ಬೇಡವೋ ತಿಳಿಯದೆ ನಾವು ಓಣಿಯ ಹೆಂಗಸರು ಸೆರಗು ಕಚ್ಚಿಕೊಳ್ಳುತ್ತಿದ್ದೆವು.

ಗಂಡ ಹೆಂಡತಿ ಇಬ್ಬರೂ ನೇಕಾರರು. ಆತ ತೀರಿಕೊಂಡ ಮೇಲೆ ಮಗ್ಗ ಬಿಚ್ಚಿಸಿ ಕೊಟ್ಟುಬಿಟ್ಟಳು. ಮಗ್ಗವೇನೋ ಹೋಯಿತು, ನೆಲದಲ್ಲಿ ತೋಡಿದ ಅದರ ಕುಣಿ ಎಲ್ಲಿಗೆ ಹೋಗಬೇಕು? "ಮಣ್ಣು ಹಾಕಿ ಮುಚ್ಚಿಸಿಬಿಡ್ರಿ, ಕಾಲು ಜಾರೀತು" ಎಂದವರಿಗೆ, "ಮತ್ತ ನಾ ಕಾಲು ಎಲ್ಲಿ ಇಡಲಿ?" ಎಂದು ಕೇಳುತ್ತಿದ್ದಳು. ಮಗ್ಗದ ಮುಂದೆ ಕುಳಿತ ಹಾಗೆಯೇ ಕುಣಿಯಲ್ಲಿ ಕಾಲು ಇಳಿಬಿಟ್ಟು, ಎದುರಿಗೆ ಅಡ್ಡ ಹಲಗೆ ಹಾಕಿಕೊಂಡು ಆಕೆ ಕೆಲಸಕ್ಕೆ ಕೂಡುವುದು. ಕೆಲಸ ಕೈಗೆ ಹತ್ತಿತೆಂದರೆ ಕೆಳಗೆ ಕಾಲುಗಳು ಮಗ್ಗ ಇದ್ದಾಗಿನಂತೆಯೇ ಒಂದಾದ ಮೇಲೊಂದು ತುಳಿಯುತ್ತಿದ್ದವು. ಆಕೆಗೆ ಅದರ ಖಬರೇ ಇರುತ್ತಿರಲಿಲ್ಲ.

ನನ್ನದು ಅದೇ ಓಣಿಯ ಬಾಯಿಗೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರ ಪಟ, ಮದುವೆಯ ಫೋಟೋ, ತೀರಿಕೊಂಡವರ ಫೋಟೋ, ಎಲ್ಲಕ್ಕೂ ಕಟ್ಟು ಹಾಕಿದ ಕೈ ಇದು. ಹಾಗಾಗಿ ಮೊದಲ ಸಲ ಚಿತ್ರ ಹಿಡಿದುಕೊಂಡು ಬಂದ ಪಾರವ್ವತ್ತಿ ನನಗೇ ಪಾಠ ಹೇಳತೊಡಗಿದಾಗ ಪಿತ್ತ ನೆತ್ತಿಗೇರಿತು.

"ಕಾಜು ಒರಸಿದಿ, ಖರೆ. ಒಣಗಿಸಿದೇನು?"

"ಒರಸಿದ ಮ್ಯಾಲೆ ಒಣಗಿದಂಗಽ ಅಲ್ಲೇನ್ರಿ?"

"ಅಲ್ಲ. ಕಾಜಿಗೆ ಒಂಚೂರು ಹಸಿ ಇದ್ರ ಒಳಗ ಪಕಳಿ ಬೂಸ್ಟ ಹಿಡೀತಾವ. ಬಿಸಲಿಗೆ ಇಡು. ನಾ ಕುಂಡ್ರತೀನಿ."

ಕುಂತೇಬಿಟ್ಟಳು. ಕಟ್ಟಿನ ಗಾಜು ಕಟ್ಟೆಯ ಮೇಲೆ ಬಿಸಿಲು ಕಾಯಿತು, ಆಕೆ ನನ್ನ ಸ್ಟೂಲಿನ ಮೇಲೆ ಕುಳಿತು ನನ್ನ ಗಿರಾಕಿಗಳನ್ನು ಕಾಯ್ದಳು. ಮದುಮಗನ ಫೋಟೋ ತಂದವರಿಗೆ, "ಹುಡುಗನ ಮಾರಿ ಮ್ಯಾಲೆ ನಗಿನಽ ಇಲ್ಲಲ್ಲ, ಕಟ್ಟು ಆದ್ರೂ ಬಂಗಾರದ ಬಣ್ಣದ್ದು ಹಾಕಸ್ರಿ" ಎಂದಳು. ಅವರು ಹಾಗೆಯೇ ಹಾಕಿಸಿಕೊಂಡು ಹೋದರು! ಮಧ್ಯಾಹ್ನದ ಹೊತ್ತಿಗೆ ನನ್ನ ಸಿಟ್ಟು ಎಲ್ಲಿ ಹೋಯಿತೋ, ಇಬ್ಬರಿಗೂ ಚಹಾ ತರಿಸಿದ್ದೆ. ಅಂದಿನಿಂದ ಆಕೆ ನನಗೆ ಅತ್ತಿ, ನಾನು ಆಕೆಗೆ ಸುಮ್ಮಿ.

ಪಕಳೆಯನ್ನು ಬೆಳಕಿಗೆ ಹಿಡಿದು, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ನೋಡುವುದು ಅತ್ತಿಯ ರೂಢಿ. ಗುರಿ ಇಡುವವರು ಒಂದು ಕಣ್ಣು ಮುಚ್ಚುತ್ತಾರಲ್ಲ, ಹಾಗೆ ಇರಬೇಕೆಂದು ನಾನು ಬಹಳ ದಿನ ತಿಳಿದಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

"ಎಡಗಣ್ಣು ತೆರದರೂ ಅಷ್ಟಽ, ಮುಚ್ಚಿದರೂ ಅಷ್ಟಽ" ಎಂದಳು. ಸಣ್ಣಾಕೆ ಇದ್ದಾಗ ಅಪ್ಪನ ಮಗ್ಗದ ಪಕ್ಕ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಳಂತೆ. ಲಾಳಿ ದಾರಿ ತಪ್ಪಿ ಹಾರಿ ಬಂದು ಕಣ್ಣಿಗೆ ಬಡಿದಿತ್ತು. "ಅಪ್ಪ ಉಣ್ಣೂದಽ ಬಿಟ್ಟ. ನಾನಽ ಗಂಗಾಳ ತಗೊಂಡು ಹೋಗಿ, ಇನ್ನೊಂದು ಐತಲ್ಲಪಾ, ಉಣ್ಣು ಅಂದೆ. ಆಮ್ಯಾಲೆ ಉಂಡ." ಅಷ್ಟು ಹೇಳಿ ಮತ್ತೆ ಪಕಳೆಗೆ ಗಂಜಿ ಸವರತೊಡಗಿದಳು.

ಅತ್ತಿಗೆ ನೀಲಿಯ ಹುಚ್ಚು. ಹಳದಿ, ಕೆಂಪು ಯಾವ ಹಿತ್ತಿಲಲ್ಲಾದರೂ ಸಿಗುತ್ತವೆ. ಒಣಗಿದ ಮೇಲೂ ನೀಲಿಯಾಗಿಯೇ ಉಳಿಯುವ ಹೂವು ಸಿಗಬೇಕಲ್ಲ! ಆಕೆಯ ನೀಲಿ ಅಗಸಿಯದು, ಎಣ್ಣೆಕಾಳಿನ ಬೆಳೆಯ ಹೂವಿನದು. ಯಳವತ್ತಿಯಲ್ಲಿ ಆಕೆಯ ತಂಗಿ ಗಿರಿಜವ್ವನ ಹೊಲವಿದೆ. ಚಳಿಗಾಲ ಬಂದರೆ ಅಲ್ಲಿ ಅಗಸಿ ಹೂವಾಡುತ್ತದೆ. ಬೆಳಿಗ್ಗೆ ಅರಳಿ, ಬಿಸಿಲೇರುವಷ್ಟರಲ್ಲಿ ಪಕಳೆ ಉದುರಿಸಿ ಸುಮ್ಮನಾಗುವ ಹೂವು ಅದು. ಹೊಲದ ಬದುವಿನ ಗುಂಟ ಕುಕ್ಕರಗಾಲಲ್ಲಿ ಕುಳಿತು, ಎರೆಮಣ್ಣಿನ ಮೇಲೆ ಉದುರಿದ ಪಕಳೆಗಳನ್ನು ಆರಿಸಿ ಒದ್ದೆಯಿಲ್ಲದ ಅರಿವೆಗೆ ಹಾಕಿಕೊಳ್ಳುತ್ತಿದ್ದಳು. ಗಿಡದ ಹೂವಿಗೆ ಕೈ ಹಚ್ಚುತ್ತಿರಲಿಲ್ಲ. "ಹೂವು ಹರದ್ರ ಕಾಳು ಹೋತು. ಉದುರಿದ್ದಕ್ಕ ಯಾರ ಅಪ್ಪಣಿ ಬೇಕು?" ನಾನೂ ಒಂದೆರಡು ಸಲ ಜೊತೆಗೆ ಹೋಗಿ ಸೊಂಟ ಹಿಡಿಸಿಕೊಂಡು ಬಂದಿದ್ದೇನೆ. ಗಿರಿಜವ್ವ ಬುತ್ತಿ ಬಿಚ್ಚುತ್ತ ನನ್ನ ಕಡೆ ನೋಡಿ, "ಮಂದಿ ಅಗಸಿ ಹಿಂಡಿ ಮಾಡಾಕ ಕಾಳು ಕೇಳಾಕ ಬರ್ತಾರ. ನಮ್ಮಕ್ಕ ಕಸಾ ಆರಸಾಕ ಬರ್ತಾಳ ನೋಡ್ರಿ" ಎಂದು ಚಾಷ್ಟಿ ಮಾಡುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಅತ್ತಿಯ ಚಿತ್ರಗಳ ಬಣ್ಣ ಬದಲಾಗತೊಡಗಿತು. ಬಿಳಿಯ ಜಾಗದಲ್ಲಿ ಕಂದಿದ ಮಲ್ಲಿಗೆ, ಹಸಿರಿನ ನಡುವೆ ಅರ್ಥವಿಲ್ಲದ ಕಂದು. ಒಂದು ದಿನ ಲಕ್ಕುಂಡಿಯ ಮೆಟ್ಟಿಲುಬಾವಿಯ ಚಿತ್ರ ತಂದಳು. ಮೆಟ್ಟಿಲಿನ ಕಲ್ಲುಗಳೆಲ್ಲ ಬದನೆಕಾಯಿಯ ಬಣ್ಣ!

"ಇದೇನ್ರಿ ಅತ್ತಿ, ಕಲ್ಲಿಗೆ ನೇರಳಿ ಹಾಕೀರಿ?"

"ನೇರಳಿ ಎಲ್ಲೈತಿ? ಕರೇ ಕಲ್ಲಲ್ಲೇನು ಅದು. ಒಣಗಿದ ಗುಲಾಬಿ ಪಕಳಿ."

ಗುಲಾಬಿ ಒಣಗಿದರೆ ಕಪ್ಪಾಗುವುದು ನಿಜ. ಆದರೆ ಇದು ಗುಲಾಬಿಯಲ್ಲ, ಬೇಲಿಯ ಮೇಲೆ ಬೆಳೆಯುವ ನೇರಳೆ ಕಾಗದದ ಹೂವು. ಅಂಗಡಿಗೆ ಬಂದವರು ಆ ಚಿತ್ರವನ್ನು ಹೊಗಳಿದ್ದೇ ಹೊಗಳಿದ್ದು, ಎಂಥ ಬಣ್ಣ, ಎಂಥ ಕಲ್ಪನೆ ಎಂದು. ನಾನು ಮಾತ್ರ ಯಾರಿಗೂ ಕೊಡದೆ ಅದನ್ನು ನಮ್ಮ ಮನೆಯ ಗೋಡೆಗೆ ಹಾಕಿಕೊಂಡು, ಅತ್ತಿಯನ್ನು ಎಳೆದುಕೊಂಡು ಕಣ್ಣಿನ ದವಾಖಾನೆಗೆ ಹೋದೆ.

ಡಾಕ್ಟರು ನೋಡಿದರು. ಬಲಗಣ್ಣಿಗೆ ಪೊರೆ ಬಂದಿತ್ತು, ತೆಗೆಸಬೇಕು ಎಂದರು. ಅತ್ತಿ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ದಾರಿಯುದ್ದಕ್ಕೂ ನಾನು ಬೈದೆ, ಬೇಡಿಕೊಂಡೆ, ಓಣಿಯಲ್ಲಿ ಪೊರೆ ತೆಗೆಸಿಕೊಂಡವರ ಹೆಸರೆಲ್ಲ ಹೇಳಿದೆ. ಆಕೆ ಮನೆಯ ಹೊಸ್ತಿಲಿಗೆ ಬಂದು ನಿಂತು, "ಅವರಿಗೆಲ್ಲ ಎರಡೆರಡು ಇದ್ದುವು ಸುಮ್ಮಿ. ನನಗ ಇನ್ನೊಂದು ಐತಿ ಅನ್ನಾಕ ಇನ್ನೊಂದು ಎಲ್ಲೈತಿ?" ಎಂದಳು.

ಹಾಗೆಯೇ ದಿನ ತಳ್ಳಿದೆವು. ಚಳಿಗಾಲ ಬಂತು. ಅತ್ತಿಗೆ ಬಸ್ಸಿನ ಬೋರ್ಡು ಕಾಣುವುದಿಲ್ಲವೆಂದು ಗಿರಿಜವ್ವನೇ ಬಂದಳು. ಅರಿವೆಯ ಗಂಟು ಬಿಚ್ಚಿ ಹಲಗೆಯ ಮೇಲೆ ಇಟ್ಟಳು. ಅತ್ತಿ ಒಂದು ಪಕಳೆ ಎತ್ತಿ, ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಯಾವ ಗಿಡದ್ದು ಇದು? ಬೂದಿ ಬಣ್ಣದ್ದು ಯಾಕ ತಂದಿ?"

ಗಿರಿಜವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಅಕ್ಕಾ, ಅಗಸಿ" ಎಂದಳು ಗಿರಿಜವ್ವ.

ಅತ್ತಿ ಪಕಳೆಯನ್ನು ಎರಡು ಬೆರಳಿನ ನಡುವೆ ಮೆಲ್ಲಗೆ ಸವರಿದಳು. ಕುಣಿಯಲ್ಲಿ ಕಾಲುಗಳು ನಿಂತಿದ್ದವು. "ಆತು. ದವಾಖಾನಿಗೆ ಹೇಳ್ರಿ" ಎಂದಳು.

ಗದುಗಿನ ದವಾಖಾನೆಯಲ್ಲಿ ಬೆಳಿಗ್ಗೆ ಪೊರೆ ತೆಗೆದು, ಕಣ್ಣಿಗೆ ಪಟ್ಟಿ ಕಟ್ಟಿ, ಮಧ್ಯಾಹ್ನ ಮನೆಗೆ ಕಳಿಸಿದರು. ಮರುದಿನ ಬಂದು ಪಟ್ಟಿ ಬಿಚ್ಚಿಸಬೇಕು. ಬಗ್ಗಬಾರದು, ಭಾರ ಎತ್ತಬಾರದು, ತಲೆಗೆ ನೀರು ಹಾಕಬಾರದು. ಕೊನೆಗೆ ಡಾಕ್ಟರು, "ಸೀನು ಬಂದ್ರ ತಡಕೋಬ್ಯಾಡ್ರಿ ಅವ್ವಾರ, ಕಣ್ಣಿಗೆ ಒತ್ತಡ ಬೀಳತೈತಿ. ಬಾಯಿ ತೆರದು ಬಿಟ್ಟುಬಿಡ್ರಿ" ಎಂದರು. ಅತ್ತಿ ಪಟ್ಟಿಯ ಕೆಳಗೇ ನಕ್ಕಳು. "ನೋಡು ಸುಮ್ಮಿ, ಜಲ್ಮೆಲ್ಲ ಮಂದಿಗೆ ಸೀನಬ್ಯಾಡ್ರಿ ಅಂದೆ. ಈಗ ನನಗಽ ಸೀನು ಅಂತಾರ!"

ಆ ನಗು ಮನೆಗೆ ಬರುವ ತನಕ ಮಾತ್ರ ಇತ್ತು. ಇದ್ದ ಒಂದು ಕಣ್ಣಿಗೂ ಪಟ್ಟಿ ಬಿದ್ದ ಮೇಲೆ ಆಕೆಗೆ ಪೂರ್ತಿ ಕತ್ತಲು. ಗೋಡೆಗೆ ಆತು ಕುಳಿತು, ಕೈ ಚಾಚಿ ಕುಣಿಯ ಅಂಚನ್ನು ಹುಡುಕಿ ಮುಟ್ಟಿ ನೋಡುತ್ತಿದ್ದಳು. ಅಷ್ಟರಲ್ಲಿ ಎದುರು ಮನೆಯವರು ಮಸಾಲೆ ಖಾರಕ್ಕೆ ಒಣ ಮೆಣಸಿನಕಾಯಿ ಹುರಿಯಲು ಹಚ್ಚಿದರು. ಹೊತ್ತು ಗೊತ್ತು ಬೇಡವೇ! ಘಾಟು ಓಣಿಯನ್ನೆಲ್ಲ ತುಂಬಿಕೊಂಡು ಬಂತು. ನಾನು ಕೆಮ್ಮುತ್ತ ಹೊರಗೆ ಓಡಿ, "ಒಲಿ ಆರಸ್ರಿ, ಆರಸ್ರಿ" ಎಂದು ಕೂಗಾಡಿ ಹಿಂತಿರುಗಿ ನೋಡುತ್ತೇನೆ, ಅತ್ತಿಯ ಮೂಗಿನ ಹೊಳ್ಳೆಗಳು ಅರಳಿವೆ.

"ತಡೀಬ್ಯಾಡ್ರಿ ಅತ್ತಿ! ಬಾಯಿ ತೆಗೀರಿ!"

ಕೇಳುವುದಕ್ಕೆ ಆಕೆಯ ಕೈಗೆ ಕಿವಿ ಇರಲಿಲ್ಲ. ಇಷ್ಟು ವರ್ಷ ಹಲಗೆಯ ಮುಂದೆ ಮಾಡಿದ್ದನ್ನೇ ಅದು ಮಾಡಿತು. ಮೂಗನ್ನು ಗಟ್ಟಿಯಾಗಿ ಹಿಡಿಯಿತು. ಬಾಯಿ ಮುಚ್ಚಿಯೇ ಇತ್ತು. ಮೈಯೆಲ್ಲ ಒಮ್ಮೆ ಜಗ್ಗಿತು, ಸದ್ದು ಮಾತ್ರ ಬರಲಿಲ್ಲ. ಆಮೇಲೆ ಆ ಕೈ ನಿಧಾನವಾಗಿ ಪಟ್ಟಿಗೆ ಹೋಯಿತು.

"ಸುಮ್ಮಿ, ನೀರು ಸೋರಾಕತ್ತೈತಿ."

ಆಟೋದಲ್ಲಿ ಕೂಡಿಸಿಕೊಂಡು ಹೊರಟೆ. ಬೆಟಗೇರಿಯಿಂದ ಆ ದವಾಖಾನೆಗೆ ಎಷ್ಟು ಮಹಾ ದಾರಿ, ಆದರೆ ಅಂದು ಮುಗಿಯಲೇ ಇಲ್ಲ. ಅತ್ತಿ ನನ್ನ ಮುಂಗೈ ಹಿಡಿದು ಕುಳಿತಿದ್ದಳು, ಬಳೆ ಚುಚ್ಚುವಷ್ಟು ಗಟ್ಟಿಯಾಗಿ. ಒಂದೇ ಮಾತು ಕೇಳಿದಳು: "ಹಾರಿ ಹೋತೇನಲೇ?"

ಡಾಕ್ಟರು ಪಟ್ಟಿ ಬಿಚ್ಚಿ, ದೀಪ ಹಾಕಿ, ಬಗ್ಗಿ ನೋಡಿದರು. ಇನ್ನೊಮ್ಮೆ ನೋಡಿದರು. ನಾನು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ಆಮೇಲೆ ಅವರು ಕುರ್ಚಿಗೆ ಒರಗಿ, "ಏನೂ ಆಗಿಲ್ರಿ. ಎಲ್ಲಾ ಇದ್ದಲ್ಲೇ ಐತಿ. ಬರೇ ಕಣ್ಣೀರು ಅದು" ಎಂದರು.

ಅತ್ತಿ ರೆಪ್ಪೆ ಬಡಿದಳು. ಗೋಡೆ ನೋಡಿದಳು, ಡಾಕ್ಟರನ್ನು ನೋಡಿದಳು, ನನ್ನ ಕಡೆ ತಿರುಗಿ ನನ್ನ ಸೀರೆಯ ಸೆರಗು ಹಿಡಿದಳು.

"ಈ ಸೀರಿ ಬೂದಿ ಬಣ್ಣದ್ದಲ್ಲೇನು?"

"ಅಲ್ರಿ. ನೀಲಿ."

"ಹೌದಲ್ಲ" ಎಂದಳು. "ನೀಲಿನಽ ಐತಿ." ಮತ್ತೆ ಅಳತೊಡಗಿದಳು. ಡಾಕ್ಟರು, "ಅಳೂದು ಸೈತ ನಡಿಯಂಗಿಲ್ರಿ ಅವ್ವಾರ" ಎಂದು ಗದರಿದರು. ಹಾಗಾದರೆ ಆಕೆಯ ಪಾಲಿನದೂ ನಾನೇ ಅತ್ತರಾಯಿತೆಂದು ಹೊರಗೆ ಬಂದು ಬಾಕಿನ ಮೇಲೆ ಕುಳಿತು ಅತ್ತೆ. ಹಾಗೆ ಹಗುರಾಗಿ ನಾನು ಎಂದೂ ಅತ್ತಿರಲಿಲ್ಲ.

ಒಂದೆರಡು ತಿಂಗಳ ಮೇಲೆ ನಮ್ಮ ಮನೆಗೆ ಬಂದವಳು ಗೋಡೆಯ ಮೇಲಿನ ಮೆಟ್ಟಿಲುಬಾವಿ ನೋಡಿ ಹೌಹಾರಿದಳು. "ಯಾರಽ ಮಾಡ್ಯಾರ ಇದನ್ನ? ಕುಡದು ಮಾಡ್ಯಾರೇನು?" ನೀವೇ ಎಂದೆ. "ಇಳಿಸು ಅದನ್ನ. ಕಲ್ಲು ಕಿತ್ತು ಮತ್ತ ಹಚ್ಚತೀನಿ" ಎಂದು ಬೆನ್ನು ಹತ್ತಿದಳು. ನಾನು ಜಪ್ಪಯ್ಯ ಎಂದರೂ ಕೊಡಲಿಲ್ಲ. ಈಗಲೂ ಅದು ಅಲ್ಲೇ ಇದೆ.

ಮುಂದಿನ ಪ್ರತಿ ಚಳಿಗಾಲದಲ್ಲೂ ಆಕೆ ತಾನೇ ಬೋರ್ಡು ಓದಿ ಯಳವತ್ತಿಯ ಬಸ್ಸು ಹತ್ತಿದಳು. ಹೋದ ವರ್ಷ ನಾನು ಕೊನೆಯ ಸಲ ಕಂಡಾಗಲೂ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಗಸಿಯ ಹೊಲವನ್ನೇ ಮಾಡುತ್ತಿದ್ದಳು. ಹಲಗೆಯ ತುಂಬ ನೀಲಿ. ನನಗೆ ನೆಗಡಿಯಾಗಿತ್ತು. ಬಾಗಿಲಲ್ಲೇ ತಡೆದು, "ಅಲ್ಲೇ ನಿಂತು ಮಾತಾಡು" ಎಂದಳು. ಅಂಗಳದಲ್ಲಿ ನಿಂತೇ ಊರ ಸುದ್ದಿಯನ್ನೆಲ್ಲ ಮಾತಾಡಿ ಬಂದೆ. ಆ ವಾರದಲ್ಲೇ ಒಂದು ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ದುಃಖವಾಯಿತು, ಸುಳ್ಳೇಕೆ ಹೇಳಲಿ. ಆದರೆ ಅಂದಿನ ಬೆಳಿಗ್ಗೆಯ ತನಕ ಆಕೆಗೆ ನೀಲಿ ನೀಲಿಯಾಗಿಯೇ ಕಂಡಿತ್ತಲ್ಲ ಎಂಬ ಸಮಾಧಾನ ಆ ದುಃಖಕ್ಕಿಂತ ದೊಡ್ಡದು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಗಿರಿಜವ್ವ ನನ್ನನ್ನು ಕರೆಸಿದಳು, ಪಕಳೆಯ ಡಬ್ಬಿಗಳನ್ನು ಒಯ್ಯಿರಿ ಎಂದು. ಸೆಕೆ ಬಹಳವಿತ್ತು. ಕುಣಿಯ ಪಕ್ಕ ಚಾಪೆ ಹಾಸಿ ನನ್ನನ್ನು ಕೂಡಿಸಿ, ಫ್ಯಾನಿನ ಬಟನ್ ಒತ್ತಿ, ಆಕೆ ಬಿಸ್ಕೀಟಿನ ಡಬ್ಬಿಯೊಂದರ ಮುಚ್ಚಳ ತೆಗೆಯಲು ಹೋದಳು. ಅದೇ ಹೊತ್ತಿಗೆ ನನಗೆ ಸೀನು ಬಂತು. ಎದ್ದೆನೋ ಬಿದ್ದೆನೋ ಎಂದು ಅಂಗಳಕ್ಕೆ ಓಡಿದೆ. ಅಲ್ಲಿ ನಿಂತು, ಡಾಕ್ಟರು ಹೇಳಿದ ಹಾಗೆ ಬಾಯಿ ತೆರೆದು, ಓಣಿಗೆಲ್ಲ ಕೇಳುವಂತೆ ಸೀನಿದೆ. ಆಮೇಲೆ ನೆನಪಾಯಿತು, ಒಳಗೆ ಈಗ ಬೈಯುವವರು ಯಾರೂ ಇಲ್ಲ.

ಕಣ್ಣು ಒರೆಸಿಕೊಂಡು ಒಳಗೆ ಬಂದೆ. ಗಿರಿಜವ್ವ ಡಬ್ಬಿಯ ಬಾಯಿಗೆ ಅಂಗೈ ಅಡ್ಡ ಹಿಡಿದು ಕುಳಿತಿದ್ದಳು. ಫ್ಯಾನನ್ನೂ ಬಂದ್ ಮಾಡಿದ್ದಳು. ನಾನು ಹೋಗಿ ಎದುರಿಗೆ ಕುಳಿತೆ. ಇಬ್ಬರೂ ಬೆವರುತ್ತ, ಉಸಿರು ಬಿಗಿಹಿಡಿದು, ಒಂದೊಂದೇ ಪಕಳೆ ಎತ್ತಿ ನೋಡಿದೆವು.