ಹೋಲಿಸಲು ಇಟ್ಟ ಊರು

ಅಥವಾ ಚಹಾ ಆರಿದೆಯೇ ಎಂದು ನೋಡಲು ಡಾಕ್ಟರರು ಅದರಲ್ಲಿ ಬೆರಳು ಅದ್ದಿದ್ದನ್ನು ನಾನೇ ಆಮೇಲೆ ಕತೆಗೆ ಸೇರಿಸಿರಬಹುದು, “ಪುರಾವೆ ಎಲ್ಲೈತ್ರಿ?” ಎಂದದ್ದು ಮಾತ್ರ ನಿಜ. ಗೋಕಾಕದ ಆ ಸಾರ್ವಜನಿಕ ಆರೋಗ್ಯದ ಡಾಕ್ಟರರ ಕೈಕೆಳಗೆ ನಾನು ಸಮೀಕ್ಷೆಗೆ ತಿರುಗುತ್ತಿದ್ದೆ. ಚಹಾ ಆರುತ್ತಿದೆ ಎಂದರೂ ಅವರು ಪುರಾವೆ ಕೇಳುತ್ತಿದ್ದರು. ಇಂಥ ವಿದ್ವತ್ತಿಗೆ ಬಡ್ತಿ ಖಚಿತ ಎಂದು ನಾವೆಲ್ಲ ನಂಬಿದ್ದೆವು.

ಅವರ ಸಂಶೋಧನೆ ಸರಳವಾಗಿತ್ತು. ಮೂಡಲಗಿ ಕಡೆಯ ಒಂದು ಊರಿನ ಬಸುರಿಯರಿಗೆ ರಕ್ತ ಹೆಚ್ಚಿಸುವ ಹೊಸ ಗುಳಿಗೆ. ಹುಕ್ಕೇರಿ ಕಡೆಯ ಇನ್ನೊಂದು ಊರಿಗೆ ಏನೂ ಇಲ್ಲ. ಕೊನೆಗೆ ಎರಡನ್ನೂ ಹೋಲಿಸುವುದು. ವಿಜ್ಞಾನಕ್ಕಾಗಿ ಯಾರಾದರೂ ಸೊರಗಬೇಕಲ್ಲ.

ಏನೂ ಇಲ್ಲದ ಊರಿನಲ್ಲಿ ಕುರಿ ಸಾಕುವ ಮನೆಯ ಮುದುಕಿಯೊಬ್ಬಳು ಬಿಳಿಚಿಕೊಂಡಿದ್ದ ಬಸುರಿ ಸೊಸೆಯನ್ನು ಎದುರಿಗೆ ನಿಲ್ಲಿಸಿದಳು.

“ಈಕಿಗೂ ಗುಳಿಗಿ ಕೊಡ್ರಿ ಸಾಹೇಬ್ರ.”

“ಯವ್ವಾ, ನಿಮ್ಮದು ಹೋಲಿಸಾಕ ಇಟ್ಟ ಊರು. ಕೊಟ್ರ ನನ್ನ ಸಂಶೋಧನೆ ಕೆಡತೈತಿ.”

“ಒಂದ ಟಗರಿಗೆ ಹಿಂಡಿ ಹಾಕಿ, ಇನ್ನೊಂದನ್ನ ಹೋಲಿಸಾಕ ಉಪಾಸ ಕೆಡವೂವಷ್ಟು ಸಾಲಿ ನಾವು ಕಲ್ತಿಲ್ರಿ.”

ಡಾಕ್ಟರರು ಪುರಾವೆ ಕೇಳಲಿಲ್ಲ. ಜೀಪು ಹೊರಟಾಗ, ಮೂಡಲಗಿಗೆ ಒಯ್ಯಬೇಕಿದ್ದ ಗುಳಿಗೆಯ ದೊಡ್ಡ ಚೀಲ ಅವಳ ಕಟ್ಟೆಯ ಮೇಲೆಯೇ ಇತ್ತು. ಪೆನ್ನಿನ ಮುಚ್ಚಳವನ್ನೂ ಎಂದೂ ಮರೆಯದ ಮನುಷ್ಯ! ಮೂಡಲಗಿಗೆ ಮರುದಿನ ಬೇರೆ ಚೀಲ ಹೋಯಿತು.

ಕೊನೆಗೆ ಎರಡೂ ಊರಿನ ಬಸುರಿಯರ ರಕ್ತ ಒಂದೇ ಸಮ ಏರಿತ್ತು. ಗುಳಿಗೆಯಿಂದ ಏನೂ ಸಾಬೀತಾಗಲಿಲ್ಲ ಎಂದು ಇಲಾಖೆಯ ದೊಡ್ಡವರು ನಕ್ಕರು. ಬಡ್ತಿ ಬೇರೆಯವರಿಗೆ ಹೋಯಿತು. ತುಂಬಿದ ಸಭೆಯಲ್ಲಿ ಡಾಕ್ಟರರು ವರದಿ ತೆರೆದು, “ಕಾರಣ ತಿಳಿದುಬಂದಿಲ್ಲ” ಎಂದು ಓದಿದರು.

ಚೀಲವನ್ನು ಮರೆತರೋ, ಬೇಕೆಂದೇ ಬಿಟ್ಟರೋ? ನನ್ನ ಬಳಿ ಪುರಾವೆ ಇಲ್ಲ.