ಕೌದಿಯ ನಾಲ್ಕನೆಯ ಮೂಲೆ

ಜೇವರ್ಗಿ ಬಸ್‌ಸ್ಟ್ಯಾಂಡಿನ ಗೋಬಿ ಗಾಡಿಯವನು ಬಾಣಲೆಗೆ ವಿನೆಗರ್ ಚಿಮುಕಿಸಿದರೆ ಉಳಿದವರ ಬಾಯಲ್ಲಿ ನೀರೂರುತ್ತದೆ. ನನಗೆ ಮೈಯೆಲ್ಲ ಉರಿಯುತ್ತದೆ. ನಿನ್ನೆಯೂ ಹಾಗೇ ಆಯಿತು. ಗಾಡಿಯವನ ತಪ್ಪೇನಿಲ್ಲ ಬಿಡಿ. ತಪ್ಪೆಲ್ಲ ಆರು ವರ್ಷದ ಹಿಂದಿನ ಒಂದು ಗಂಡು ಬೆಕ್ಕಿನದು.

ನಮ್ಮವ್ವ ಇಜೇರಿಯವಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯಲು ಕೂತರೆ ಅವಳಿಗೆ ಊಟದ ಖಬರೂ ಇರುತ್ತಿರಲಿಲ್ಲ. ಕೊನೆಯ ಕೌದಿಯನ್ನು ತಾನೇ ಉಟ್ಟು ಮೆತ್ತಗಾಗಿಸಿದ ಇಳಕಲ್ ಸೀರೆಗಳಿಂದ ಹೊಲಿದಳು. ಮೂರು ಮೂಲೆ ಮುಗಿಸಿ, ನಾಲ್ಕನೆಯದು ತೆರೆದಿರುವಾಗಲೇ ತೀರಿಕೊಂಡಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಚೂರು ರೊಟ್ಟಿ ಇಡುವುದು ನಮ್ಮ ಮನೆಯ ಪದ್ಧತಿ. “ಹಸದ ಕೌದಿ ಹೊಚ್ಚಬಾರದವ್ವಾ” ಎನ್ನುತ್ತಿದ್ದಳು. ಕೌದಿಯ ತುಂಬ ಅವಳದೇ ವಾಸನೆ: ಎಲೆಅಡಿಕೆ, ಒಲೆಯ ಹೊಗೆ, ತಲೆಗೆಣ್ಣೆ. ಅದಕ್ಕೇ ವರ್ಷವಿಡೀ ಅದನ್ನು ಮುಗಿಸದೆ, ಆಗಾಗ ಮುಖ ಹುದುಗಿಸಿ ಕೂರುತ್ತಿದ್ದೆ.

ಕಡೆಗೊಂದು ಮಧ್ಯಾಹ್ನ ಸೂಜಿ ಹಿಡಿದೆ. ಅವ್ವ ಇಡುತ್ತಿದ್ದದ್ದು ಒಣಗಿದ ಕಟಕ ರೊಟ್ಟಿ. ನಾನೋ, ಪ್ರೀತಿ ಉಕ್ಕಿ, ಬಿಸಿ ರೊಟ್ಟಿಗೆ ತುಪ್ಪ ಸವರಿ ಇಟ್ಟೆ. ಅಷ್ಟರಲ್ಲಿ ತಂಗಿಯ ಫೋನು. ಅರ್ಧ ತಾಸು ಹರಟಿ ಬಂದರೆ, ಬೆಕ್ಕು ಮೂಲೆ ಕೆದರಿ ರೊಟ್ಟಿ ಮುಗಿಸಿತ್ತು. ತಿಂದದ್ದು ತಿಂದಿತು, ಸುಮ್ಮನೆ ಹೋಗಬಾರದೇ? ಉಂಡ ಜಾಗದಲ್ಲೇ ಉಚ್ಚೆ ಹೊಯ್ದು ಹೋಗಿತ್ತು!

“ಚೆಲ್ಲಿಬಿಡು ಅದನ್ನ. ಹೊಸಾ ಬ್ಲಾಂಕೆಟ್ ತರೋಣಂತ” ಎಂದರು ನಮ್ಮೆಜಮಾನರು, ಪೇಪರಿನಿಂದ ತಲೆ ಎತ್ತದೆ. ಬ್ಲಾಂಕೆಟ್ಟಂತೆ! ಆ ಸಿಟ್ಟಿನಲ್ಲೇ ಕುದಿಯುವ ನೀರು ತಂದು ಸುರಿದೆ. ಇಳಕಲ್ ಸೆರಗಿನ ಕೆಂಪು ಬಣ್ಣ ಬಿಟ್ಟಿತು, ನಾತ ಇನ್ನೂ ಗಟ್ಟಿಯಾಯಿತು.

ಪಕ್ಕದ ಮನೆಯ ಶಾಂತಮ್ಮ ಮೂಗಿಗೆ ಸೆರಗು ಹಿಡಿದೇ ಬಂದಳು. “ಬಿಸಿನೀರ ಯಾಕ ಹಾಕಿದ್ರಿ ಅಕ್ಕಾ? ತಣ್ಣೀರಾಗ ನೆನಿ ಇಡ್ರಿ. ಆಮ್ಯಾಲ ವಿನೆಗರ್, ಆಮ್ಯಾಲ ಅಡಿಗಿ ಸೋಡಾ.” ಮೂರು ದಿನ ಅದೇ ಕೆಲಸ. ನೆನೆಸಿದೆ, ತಿಕ್ಕಿದೆ, ನಮ್ಮೂರ ಬಿಸಿಲಿಗೆ ಒಡ್ಡಿದೆ. ಹಟ ಹಿಡಿದರೆ ನಾನು ಯಾರ ಮಾತೂ ಕೇಳುವವಳಲ್ಲ. ನಾಲ್ಕನೆಯ ದಿನವೂ ಒಮ್ಮೆ ತಿಕ್ಕಿದೆ.

“ನೋಡ್ರಿ ಈಗ, ಒಂಚೂರರೆ ವಾಸನಿ ಅದ ಏನು?” ಎಂದು ಶಾಂತಮ್ಮ ಗೆದ್ದವಳಂತೆ ನಕ್ಕಳು. ಮುಖ ಹುದುಗಿಸಿ ನೋಡಿದೆ. ನಿಜ, ಒಂಚೂರೂ ಇರಲಿಲ್ಲ. ಬೆಕ್ಕಿನದೂ ಇರಲಿಲ್ಲ, ಅವ್ವನದೂ ಇರಲಿಲ್ಲ. ಬಿಸಿಲಲ್ಲಿ ನಿಂತೇ ಅತ್ತೆ. ಬೆಕ್ಕಿನ ಮೇಲೆ, ಫೋನಿನ ಮೇಲೆ, ಪಾಪ ಶಾಂತಮ್ಮನ ಮೇಲೂ ಸಿಟ್ಟು. ಎಲ್ಲಕ್ಕಿಂತ ಹೆಚ್ಚು ತಿಕ್ಕಿದ ನನ್ನ ಕೈಗಳ ಮೇಲೆ. ಅಂದೇ ಒಣ ರೊಟ್ಟಿ ಇಟ್ಟು ಮೂಲೆ ಹೊಲಿದೆ. ಅವತ್ತಿನಿಂದ ಅದನ್ನು ಹೊದೆಯುತ್ತಿರುವವಳು ನಾನೇ.

ಈಗ ಮಗಳು ಕಲಬುರಗಿಯ ಹಾಸ್ಟೆಲ್ಲಿಗೆ ಹೊರಟಿದ್ದಾಳೆ. ಮನೆಯಲ್ಲಿ ಅಷ್ಟೊಂದು ಹೊದಿಕೆಗಳಿದ್ದರೂ ಅವಳಿಗೆ ಆ ಕೌದಿಯೇ ಬೇಕಂತೆ. ಒಗೆದಾದರೂ ಕೊಡೋಣವೆಂದು ಈ ಬೆಳಿಗ್ಗೆ ಬಕೆಟಿಗೆ ನಲ್ಲಿ ಬಿಟ್ಟೆ. ಮಗಳು ಒಳಗಿನಿಂದ ಓಡಿ ಬಂದು, ಕೌದಿ ಕಸಿದುಕೊಂಡು, ನನ್ನ ಮೇಲೇ ರೇಗಿದಳು:

“ನೀರಿಗಿ ಹಾಕಬ್ಯಾಡ ಯವ್ವಾ! ನಿನ್ನ ವಾಸನಿ ಹೋಗ್ತದ.”

ನಾನು ನಲ್ಲಿ ಬಂದ್ ಮಾಡಿದೆ.